ಗಂಡ ಸತ್ತರೆ ಮಾತ್ರ ತೆರೆಯುವ ಬಾಗಿಲು

ವಿ. ಶಾಂತಾರಾಮ್ ನಿರ್ದೇಶನದ ‘ಕುಂಕೂ’ ಮರಾಠಿಯಲ್ಲಿ ಬಂದದ್ದು 1937ರಲ್ಲಿ. ಹಿಂದಿಯಲ್ಲಿ ಅದೇ ಚಿತ್ರ ‘ದುನಿಯಾ ನ ಮಾನೆ’. ನಾರಾಯಣ ಹರಿ ಆಪ್ಟೆಯವರ ಕಾದಂಬರಿಯನ್ನು ಆಧರಿಸಿ ಪುಣೆಯ ಪ್ರಭಾತ್ ಕಂಪನಿ ಅದನ್ನು ತಯಾರಿಸಿತು. ಸಾಕಿದ ಮಾವನೇ ಹಣದಾಸೆಗೆ ನೀರಾ ಎಂಬ ಹುಡುಗಿಯನ್ನು ಮುದಿ ವಕೀಲನಿಗೆ ಮೋಸದಿಂದ ಕಟ್ಟಿಬಿಡುತ್ತಾನೆ. ಶಾಂತಾ ಆಪ್ಟೆ ನಟಿಸಿದ ಈ ನೀರಾ ಮೂಲೆಯಲ್ಲಿ ಕೂತು ಅಳುವವಳಲ್ಲ. ಅವಳು ಆ ಮನೆಯಲ್ಲೇ ಇರುತ್ತಾಳೆ, ಆದರೆ ಹೆಂಡತಿಯಾಗಿ ಬಾಳಲು ಒಪ್ಪುವುದಿಲ್ಲ. ಮೈಮೇಲೆ ಬರುವ ಮಲಮಗನಿಗೆ ಬೆತ್ತದಿಂದ ಬಾರಿಸುತ್ತಾಳೆ. ಚಿತ್ರಕ್ಕೆ ಹಿನ್ನೆಲೆ ಸಂಗೀತವಿಲ್ಲ. ಗಡಿಯಾರದ ಟಿಕ್ ಟಿಕ್‌ನಂಥ ಮನೆಯ ಸದ್ದುಗಳೇ ಮುದುಕನ ವಯಸ್ಸನ್ನು ನೆನಪಿಸುತ್ತವೆ.

ನನ್ನನ್ನು ಕಾಡುವುದು ಚಿತ್ರದ ಕೊನೆ. ತಪ್ಪಿನ ಅರಿವಾದ ಮುದುಕ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಇದು ಅತಿನಾಟಕೀಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಅಂದಿನ ಕಾನೂನನ್ನು ಪಕ್ಕದಲ್ಲಿಟ್ಟು ನೋಡಿ. 1856ರಿಂದಲೇ ಹಿಂದೂ ವಿಧವೆಗೆ ಮರುಮದುವೆಯ ಹಕ್ಕಿತ್ತು. ಬೇಡದ ಗಂಡನನ್ನು ಬಿಟ್ಟು ಹೊರಡುವ ಹಕ್ಕು ನೀರಾಳಂಥ ಮನೆತನದ ಹೆಂಗಸಿಗೆ ಇರಲಿಲ್ಲ. ವಿಚ್ಛೇದನ ಕಾಯ್ದೆ ಮುಂಬಯಿ ಪ್ರಾಂತ್ಯಕ್ಕೆ ಬಂದದ್ದು 1947ರಲ್ಲಿ, ದೇಶದ ಹಿಂದೂಗಳಿಗೆ 1955ರಲ್ಲಿ. ಅಂದರೆ ಅವಳ ಬಿಡುಗಡೆಗೆ ಗಂಡ ಸಾಯಲೇಬೇಕಿತ್ತು.

ಅದಕ್ಕೂ ಐವತ್ತು ವರ್ಷ ಹಿಂದೆ, 1887ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮದುವೆಯಾಗಿದ್ದ ರಖಮಾಬಾಯಿಗೆ ಮುಂಬಯಿ ಹೈಕೋರ್ಟು ಎರಡೇ ದಾರಿ ಕೊಟ್ಟಿತ್ತು: ಗಂಡನ ಮನೆ, ಇಲ್ಲವೇ ಆರು ತಿಂಗಳ ಸೆರೆ. ಆಕೆ ಸೆರೆಗೇ ಸಿದ್ಧಳಾದಳು. ಮರುವರ್ಷ ಗಂಡ 2000 ರೂಪಾಯಿ ಪಡೆದು ಹಕ್ಕು ಬಿಟ್ಟುಕೊಟ್ಟ. ಆಕೆ ಮುಂದೆ ವೈದ್ಯೆಯಾದಳು.

ಅದೇ 1887ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳ ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ ಪ್ರಕಟವಾಯಿತು. ಹೆಣ್ಣುಮಗುವನ್ನು ಮುದುಕನಿಗೆ ಮಾರುವ ಕನ್ಯಾವಿಕ್ರಯವನ್ನು ಅದು ಹವ್ಯಕರ ಮನೆಮಾತಿನಲ್ಲೇ ಗೇಲಿ ಮಾಡಿತು. ಆಗ ಉತ್ತರ ಕನ್ನಡವೂ ಮುಂಬಯಿ ಆಡಳಿತದಲ್ಲೇ ಇತ್ತು. ಪುಣೆಯ ಪಿಡುಗು ನಮ್ಮ ಅಂಗಳದಲ್ಲೂ ಇತ್ತು.

ಒಬ್ಬಳಿಗೆ ಹಣದಿಂದ, ಇನ್ನೊಬ್ಬಳಿಗೆ ಸಾವಿನಿಂದ ಬಿಡುಗಡೆ. ಎರಡು ಕಡೆಯೂ ಬಾಗಿಲು ತೆರೆದವನು ಗಂಡನೇ. ಮುದುಕನ ಪಶ್ಚಾತ್ತಾಪಕ್ಕೆ ಕಣ್ಣು ಒದ್ದೆಯಾದರೂ ನಾನು ಕೇಳುವುದು ಇಷ್ಟೇ: ಅವನಿಗೆ ಪಶ್ಚಾತ್ತಾಪ ಆಗದೇ ಹೋಗಿದ್ದರೆ? ಪಶ್ಚಾತ್ತಾಪಪಡದ ಗಂಡಂದಿರ ಮನೆಗಳಲ್ಲಿ ಎಷ್ಟು ಮಂದಿ ನೀರಾಗಳು ಮುದುಕಿಯರಾದರೋ, ಅವರ ಮೇಲೆ ಯಾರೂ ಸಿನಿಮಾ ಮಾಡಲಿಲ್ಲ.