‘ಸೇ’ ಬದಲು ಯಾವ ಪದ? ಇಂಗ್ಲಿಷ್‌ನಲ್ಲಿ ಬರೆಯುವಾಗ ಈ ವ್ಯತ್ಯಾಸ ತಿಳಿದಿರಲಿ

ಕಚೇರಿಯ ಇಮೇಲ್ ಇರಲಿ, ಪರೀಕ್ಷೆಯ ಪ್ರಬಂಧ ಇರಲಿ, ‘ಹೇಳು’ ಎನ್ನಲು ‘ಸೇ’ ಎಂಬ ಪದವನ್ನೇ ಪದೇ ಪದೇ ಬಳಸಿದರೆ ಬರಹ ಸಪ್ಪೆ ಎನಿಸುತ್ತದೆ. ಹಾಗೆಂದು ನಿಘಂಟಿನಲ್ಲಿ ಸಿಕ್ಕ ಸಮಾನಾರ್ಥಕ ಪದವನ್ನು ತಂದಿಟ್ಟರೆ ಅರ್ಥವೇ ಬದಲಾಗಬಹುದು. ಯಾವ ಪದ ಎಲ್ಲಿಗೆ ಸರಿ? ಇಲ್ಲಿದೆ ಮಾಹಿತಿ.

ಟೆಲ್: ಸಾಮಾನ್ಯವಾಗಿ ಯಾರಿಗೆ ಹೇಳಿದ್ದು ಎಂಬುದು ಜೊತೆಗಿರಬೇಕು. ‘ಟೋಲ್ಡ್ ಮಿ’ ಸರಿ, ‘ಸೆಡ್ ಮಿ’ ತಪ್ಪು. ‘ಸೆಡ್’ ಬಳಸಿದರೆ ನಡುವೆ ‘ಟು’ ಬೇಕು.

ಮೆನ್ಷನ್, ಡಿಸ್ಕಸ್: ಮೊದಲನೆಯದು ಪ್ರಸ್ತಾಪಿಸು, ಎರಡನೆಯದು ಚರ್ಚಿಸು. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಈ ಎರಡೂ ಕ್ರಿಯಾಪದಗಳ ನಂತರ ‘ಅಬೌಟ್’ ಬೇಡ.

ಕ್ಲೈಮ್: ಹೇಳಿದ ಮಾತಿಗೆ ಪುರಾವೆ ಇಲ್ಲ ಎಂಬ ಅನುಮಾನ ಇದರಲ್ಲಿ ಅಡಗಿರುತ್ತದೆ. ರಜೆ ಹಾಕಿದ ಸಹೋದ್ಯೋಗಿ ‘ಜ್ವರವೆಂದು ಕ್ಲೈಮ್ ಮಾಡಿದ್ದಾರೆ’ ಎಂದು ಮ್ಯಾನೇಜರ್‌ಗೆ ಬರೆದರೆ, ಅವರ ಮಾತನ್ನು ನಂಬಲಾಗದು ಎಂದಂತೆ.

ಅಡ್ಮಿಟ್: ತಪ್ಪನ್ನು ಅಥವಾ ಹೇಳಲು ಇಷ್ಟವಿಲ್ಲದ ಸಂಗತಿಯನ್ನು ಒಪ್ಪಿಕೊಳ್ಳುವುದು. ಸುಮ್ಮನೆ ಮಾಹಿತಿ ಕೊಟ್ಟವರಿಗೆ ಈ ಪದ ಬಳಸಿದರೆ ಅವರು ತಪ್ಪಿತಸ್ಥರಂತೆ ಕಾಣುತ್ತಾರೆ.

ಅಲೆಜ್: ಇನ್ನೂ ಸಾಬೀತಾಗದ ಆರೋಪ ಮಾಡುವುದು.

ಡಿನೈ, ರೆಫ್ಯೂಟ್: ‘ಡಿನೈ’ ಎಂದರೆ ಬರೀ ಅಲ್ಲಗಳೆಯುವುದು. ‘ರೆಫ್ಯೂಟ್’ ಪದದ ಕಟ್ಟುನಿಟ್ಟಾದ ಅರ್ಥ, ಪುರಾವೆ ಕೊಟ್ಟು ಸುಳ್ಳೆಂದು ತೋರಿಸುವುದು.

ಕನ್ನಡದಲ್ಲೂ ‘ಹೇಳಿದರು’, ‘ಒಪ್ಪಿಕೊಂಡರು’, ‘ಆರೋಪಿಸಿದರು’ ಒಂದೇ ಅಲ್ಲ ತಾನೇ? ಇಂಗ್ಲಿಷ್‌ಗೂ ಅದೇ ಲೆಕ್ಕ. ಯಾವ ಪದ ಎಂಬ ಗೊಂದಲವಿದ್ದರೆ ‘ಸೇ’ಯನ್ನೇ ಉಳಿಸಿಕೊಳ್ಳಿ. ಅದು ಹೇಳಿದವರನ್ನು ಹೊಗಳುವುದೂ ಇಲ್ಲ, ಶಂಕಿಸುವುದೂ ಇಲ್ಲ.