ಅರಿವಿಗೆ ಆಚಾರವೇ ಸಾಕ್ಷಿ: ಪಾಶ್ಚಾತ್ಯರ ‘ನಾನು’ ಮತ್ತು ಜೇವರ್ಗಿಯ ಷಣ್ಮುಖ ಶಿವಯೋಗಿಗಳು

‘ನಾನು ಯಾರು? ನಾನು ಅರಿತದ್ದು ನಿಜವೆಂಬುದಕ್ಕೆ ಪ್ರಮಾಣವೇನು?’ ಈ ಎರಡು ಪ್ರಶ್ನೆಗಳು 17ನೆಯ ಶತಮಾನದಲ್ಲಿ ಯುರೋಪಿನ ಚಿಂತಕರನ್ನು ಬಹುವಾಗಿ ಕಾಡಿದವು. ಅದೇ ಶತಮಾನದಲ್ಲಿ ಕಲಬುರಗಿ ಸೀಮೆಯ ಜೇವರ್ಗಿಯಲ್ಲಿ ಷಣ್ಮುಖ ಶಿವಯೋಗಿಗಳು (1639–1711) ‘ಅಖಂಡೇಶ್ವರ’ ಅಂಕಿತದಲ್ಲಿ 700ಕ್ಕೂ ಮಿಕ್ಕಿದ ವಚನಗಳನ್ನು ರಚಿಸಿದರು. ಇಂಗ್ಲೆಂಡಿನ ಜಾನ್ ಲಾಕ್ ಇವರಿಗಿಂತ ಏಳು ವರ್ಷ ಹಿರಿಯನು. ಜರ್ಮನಿಯ ಲೈಬ್ನಿಟ್ಸ್ ಏಳು ವರ್ಷ ಕಿರಿಯನು. ಆ ಪಂಡಿತರಿಗೆ ಜೇವರ್ಗಿಯ ಸುದ್ದಿ ತಿಳಿಯದು. ಜೇವರ್ಗಿಗೆ ಅವರ ಸುದ್ದಿ ತಿಳಿಯದು. ಆದರೂ ತನ್ನನ್ನು ತಾನು ಅರಿಯುವ ಹಂಬಲ ಎರಡೂ ಕಡೆ ಒಂದೇ ಕಾಲದಲ್ಲಿ ಉರಿಯುತ್ತಿತ್ತು.

ಇಂತಹ ಸಾಮ್ಯ ಕಂಡಾಗ ‘ಇದನ್ನೆಲ್ಲ ನಮ್ಮವರು ಮೊದಲೇ ಹೇಳಿದ್ದರು’ ಎಂದು ಬೀಗುವುದು ಸುಲಭ. ಅದರಿಂದ ಪಾಶ್ಚಾತ್ಯರಿಗೂ ನ್ಯಾಯ ಸಲ್ಲದು, ಶರಣರಿಗೂ ಸಲ್ಲದು. ಅವರು ಏನನ್ನು ಕೇಳಿದರು, ಇವರು ಏನನ್ನು ಕೇಳಿದರು ಎಂಬುದನ್ನು ಬೇರೆ ಬೇರೆಯಾಗಿ ನೋಡಿದಾಗಲೇ ಎರಡರ ಬೆಲೆಯೂ ತಿಳಿಯುತ್ತದೆ.

ಫ್ರಾನ್ಸಿನ ರೆನೆ ಡೆಕಾರ್ಟ್ 1637ರ ತನ್ನ ಕೃತಿಯಲ್ಲಿಯೂ 1641ರ ಧ್ಯಾನಗ್ರಂಥದಲ್ಲಿಯೂ ಸಂಶಯವನ್ನೇ ಸಾಧನವಾಗಿ ಹಿಡಿದನು. ಇಂದ್ರಿಯಗಳು ಮೋಸಮಾಡಬಹುದು, ಕಂಡ ಲೋಕವೇ ಕನಸಾಗಿರಬಹುದು. ಆದರೆ ಸಂಶಯಪಡುವವನೊಬ್ಬನು ಇದ್ದೇ ಇರಬೇಕಷ್ಟೆ. ಆಲೋಚಿಸುವ ಆ ‘ನಾನು’ ಎಂಬುದೇ ಅವನಿಗೆ ದೊರೆತ ಅಲುಗದ ನೆಲೆ. ಈ ನೆಲೆಗಾಗಿ ಅವನು ತೆತ್ತ ಬೆಲೆಯೂ ದೊಡ್ಡದು. ಮನಸ್ಸು ಒಂದು ತತ್ತ್ವ, ದೇಹ ಇನ್ನೊಂದು ತತ್ತ್ವ ಎಂದು ಎರಡೂ ಬೇರ್ಪಟ್ಟವು. 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಅವನಿಗೆ ಪತ್ರ ಬರೆದು, ಆಕಾರವಿಲ್ಲದ ಮನಸ್ಸು ಆಕಾರವುಳ್ಳ ದೇಹವನ್ನು ಚಲಿಸುವಂತೆ ಮಾಡುವುದು ಹೇಗೆಂದು ಕೇಳಿದಳು. ಡೆಕಾರ್ಟನ ಉತ್ತರಗಳು ಆಕೆಗೆ ಒಪ್ಪಿಗೆಯಾಗಲಿಲ್ಲ.

ಲಾಕ್ ಬೇರೊಂದು ದಾರಿ ಹಿಡಿದನು. ಹುಟ್ಟುವಾಗ ಮನಸ್ಸಿನಲ್ಲಿ ಯಾವ ಜ್ಞಾನವೂ ಇರುವುದಿಲ್ಲ, ಅನುಭವವೇ ಎಲ್ಲ ಅರಿವಿನ ಮೂಲ ಎಂಬುದು ಅವನ ಮತ. ತನ್ನ ಮಹಾಪ್ರಬಂಧದ 1694ರ ಎರಡನೆಯ ಮುದ್ರಣಕ್ಕೆ ಸೇರಿಸಿದ ಅಧ್ಯಾಯವೊಂದರಲ್ಲಿ, ನೆನ್ನೆಯ ಕೃತ್ಯವನ್ನು ತನ್ನದೆಂದು ಅರಿಯುವ ಪ್ರಜ್ಞೆಯೇ ವ್ಯಕ್ತಿಯ ಗುರುತು ಎಂದನು. ಅವನ ಪಾಲಿಗೆ ‘ವ್ಯಕ್ತಿ’ ಎಂಬುದು ನ್ಯಾಯಸ್ಥಾನದ ಮಾತು. ಮಾಡಿದ್ದಕ್ಕೆ ಹೊಣೆಯಾಗುವವನೇ ವ್ಯಕ್ತಿ. ‘ನಾನು’ ಎಂಬುದಕ್ಕೂ ನಡತೆಗೂ ಇರುವ ನಂಟನ್ನು ಅವನು ಹೀಗೆ ಗುರುತಿಸಿದ್ದನು. ಮುಂದೆ 1739ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಒಳಗಣ್ಣಿನಿಂದ ಹುಡುಕಿದಾಗ ಸುಖ, ದುಃಖ, ಬಿಸಿ, ತಂಪುಗಳ ಹರಿವು ಕಂಡಿತೇ ಹೊರತು ಸ್ಥಿರವಾದ ‘ನಾನು’ ಕಾಣಲಿಲ್ಲ. ಮರುವರ್ಷ ಬರೆದ ಅನುಬಂಧದಲ್ಲಿ ಈ ವಿವರಣೆ ತನಗೇ ತೃಪ್ತಿ ತಂದಿಲ್ಲವೆಂದು ಒಪ್ಪಿಕೊಂಡದ್ದು ಅವನ ಪ್ರಾಮಾಣಿಕತೆ.

ಇಮ್ಯಾನುಯೆಲ್ ಕಾಂಟ್ 1781ರಲ್ಲಿ ಈ ಚರ್ಚೆಗೆ ಹೊಸ ತಿರುವು ಕೊಟ್ಟನು. ಅರಿಯುವವನು ಅರಿವಿನ ರೂಪವನ್ನು ತಾನೇ ಕೊಡುತ್ತಾನೆ. ಆದುದರಿಂದ ವಸ್ತುವು ತೋರುವ ಬಗೆಯನ್ನು ಮಾತ್ರ ಬಲ್ಲನು, ಅದರ ನಿಜವನ್ನಲ್ಲ. ತನ್ನ ವಿಷಯದಲ್ಲಿಯೂ ಮಾತು ಅದೇ. ಆದರೆ 1788ರ ಗ್ರಂಥದಲ್ಲಿ ಅವನು ಇನ್ನೊಂದು ಬಾಗಿಲನ್ನು ತೆರೆದನು. ಶುದ್ಧ ತರ್ಕಕ್ಕೆ ಎಟುಕದ ಆತ್ಮಸ್ವಾತಂತ್ರ್ಯವು ಕರ್ತವ್ಯದ ಕರೆಯಲ್ಲಿ ಮನುಷ್ಯನಿಗೆ ಗೋಚರವಾಗುತ್ತದೆ ಎಂದನು. ಸಂಶಯದಿಂದ ಹೊರಟ ಪಯಣ ಹೀಗೆ ಒಂದೂವರೆ ಶತಮಾನದ ಬಳಿಕ ನಡೆಯ ಹೊಸ್ತಿಲಿಗೆ ಬಂದು ನಿಂತಿತು.

ಷಣ್ಮುಖ ಶಿವಯೋಗಿಗಳ ಪಯಣ ಆರಂಭವಾಗುವುದೇ ಆ ಹೊಸ್ತಿಲಿನಿಂದ. ಅವರ ಕಾಲವೂ ಶಾಂತಿಯ ಕಾಲವಲ್ಲ. 1686ರಲ್ಲಿ ಬಿಜಾಪುರದ ಆದಿಲಶಾಹಿ ಔರಂಗಜೇಬನ ಮುಂದೆ ಕುಸಿಯಿತು. ಹೊರಗಿನ ನೆಲೆಗಳು ಅಲುಗುತ್ತಿದ್ದಾಗ ಶಿವಯೋಗಿಗಳು ಹಿಡಿದದ್ದು ಷಟ್ಸ್ಥಲ ಮಾರ್ಗವನ್ನು. ಷಟ್ಸ್ಥಲವನ್ನು 101 ಸ್ಥಲಗಳಾಗಿ ವಿಸ್ತರಿಸುವ ಏಕೋತ್ತರಶತಸ್ಥಲದಲ್ಲಿ ಪಿಂಡಸ್ಥಲ, ಪಿಂಡಜ್ಞಾನಸ್ಥಲ, ಸಂಸಾರಹೇಯಸ್ಥಲ ಇವು ಮೊದಲ ಮೆಟ್ಟಿಲುಗಳು. ದೇಹ ಬೇರೆ, ಆತ್ಮ ಬೇರೆ ಎಂಬ ವಿವೇಕವೇ ಪಿಂಡಜ್ಞಾನ. ಡೆಕಾರ್ಟನಿಗೆ ಬಹಳ ಹುಡುಕಾಟದ ಬಳಿಕ ದೊರೆತ ಭೇದಜ್ಞಾನವು ಇಲ್ಲಿ ಎರಡನೆಯ ಮೆಟ್ಟಿಲಷ್ಟೆ. ಅಲ್ಲಿ ಅದರಿಂದ ಲೋಕಜ್ಞಾನದ ಕಟ್ಟಡವನ್ನು ಎತ್ತಬೇಕಿತ್ತು. ಇಲ್ಲಿ ಅದರಿಂದ ಬದುಕನ್ನು ಬದಲಿಸಬೇಕಿತ್ತು. ಗುರಿ ಬೇರೆಯಾದುದರಿಂದ ದಾರಿಯೂ ಬೇರೆಯಾಯಿತು.

ಮುಂದಿನ ಮೆಟ್ಟಿಲುಗಳಲ್ಲಿ ದೇಹವನ್ನು ಬಿಟ್ಟು ಹೋಗುವ ಮಾತಿಲ್ಲ. ಅಂಗವೇ ಲಿಂಗದ ನೆಲೆಯಾಗಬೇಕು. ಕಣ್ಣು, ಕೈ, ನಾಲಗೆಗಳ ವ್ಯವಹಾರವೆಲ್ಲ ಶುದ್ಧವಾಗಬೇಕು. ಭಕ್ತನಿಂದ ಐಕ್ಯನವರೆಗಿನ ಆರು ಸ್ಥಲಗಳಲ್ಲಿ ‘ನಾನು ಅರಿತೆ’ ಎಂಬ ಅಹಂಭಾವ ಸವೆಯುತ್ತ ಹೋಗಬೇಕು. ಅರಿವು ಬಂದಿದೆಯೇ ಎಂಬುದಕ್ಕೆ ಮಾತು ಸಾಕ್ಷಿಯಲ್ಲ, ಆಚಾರ ಸಾಕ್ಷಿ.

ಈ ಒರೆಗಲ್ಲಿಗೆ ಹಚ್ಚಿದರೆ ಪಾಶ್ಚಾತ್ಯರಲ್ಲಿ ಒಂದು ಬಿರುಕು ಕಾಣುತ್ತದೆ. ಸ್ವಾತಂತ್ರ್ಯವನ್ನು ಎತ್ತಿಹಿಡಿದ ಲಾಕ್, ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ಹೂಡಿದ್ದನು. ಮನುಷ್ಯರ ಘನತೆಯನ್ನು ಸಾರಿದ ಕಾಂಟ್ ಮನುಷ್ಯಕುಲಗಳಲ್ಲಿ ಮೇಲುಕೀಳನ್ನು ಎಣಿಸಿ ಬರೆದನು. ಆದರೆ ಒರೆಗಲ್ಲು ನೆರೆಯವರಿಗೆ ಮಾತ್ರ ಮೀಸಲಲ್ಲ. ಶರಣರ ಹೆಸರು ಹೇಳುತ್ತಲೇ ಜಾತಿಯ ಲೆಕ್ಕ ಹಾಕುವ ಮನೆಗಳಲ್ಲಿಯೂ ಅರಿವು ಆಚಾರಗಳ ನಡುವೆ ಅದೇ ಬಿರುಕಿದೆ.

ಈ ಬಿರುಕನ್ನು ಮುಚ್ಚಲು ಯತ್ನಿಸಿದವರು ಇದೇ ನೆಲದಲ್ಲಿ ಮತ್ತೆ ಮತ್ತೆ ಹುಟ್ಟಿದರು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಜನಿಸಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತ ಮಡಿವಾಳಪ್ಪನವರು 19ನೆಯ ಶತಮಾನದ ಪೂರ್ವಾರ್ಧದಲ್ಲಿ ತತ್ತ್ವಪದಗಳ ಮೂಲಕ ‘ನಾನು’ ಎಂಬುದರ ಪೊಳ್ಳನ್ನು ಹಾಡಿದರು. ಕರ್ಮಠರ ವಿರೋಧವನ್ನು ಉಂಡ ಈ ಮಹಾತ್ಮರ ಶಿಷ್ಯಬಳಗದಲ್ಲಿ ಚೆನ್ನೂರ ಜಲಾಲಸಾಹೇಬರಂಥ ಮುಸಲ್ಮಾನ ಸಾಧಕರೂ ಇದ್ದರು. ಕುಲವನ್ನು ಕೇಳದ ಆ ಗುರುಶಿಷ್ಯ ಸಂಬಂಧವು ಯಾವ ಪ್ರಬಂಧಕ್ಕೂ ಕಡಿಮೆಯಿಲ್ಲದ ಪ್ರಮಾಣ.

ಇಂದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಈ ಸೀಮೆಯ ಮಕ್ಕಳಿಗೆ ಜಗತ್ತಿನ ಗ್ರಂಥಗಳು ಎಟುಕುವ ಕಾಲವಿದು. ಅವರು ಡೆಕಾರ್ಟನಿಂದ ಸಂಶಯಿಸುವ ಧೈರ್ಯವನ್ನೂ ಹ್ಯೂಮನಿಂದ ತಿಳಿಯದ್ದನ್ನು ಒಪ್ಪುವ ವಿನಯವನ್ನೂ ಕಲಿಯಲಿ. ಕಲಿತ ಬಳಿಕ, ಅರಿತದ್ದು ನಡೆಯಲ್ಲಿ ಇಳಿಯಿತೇ ಎಂಬ ಜೇವರ್ಗಿಯ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ. ಓದಿನಿಂದ ಬಂದ ಅರಿವು ಅಂಗಳದ ಕಸ ಗುಡಿಸುವವಳನ್ನು ಕಾಣುವ ಕಣ್ಣನ್ನು ಬದಲಿಸದಿದ್ದರೆ ಅದಿನ್ನೂ ಪಿಂಡಜ್ಞಾನದ ಮೆಟ್ಟಿಲನ್ನೂ ದಾಟಿಲ್ಲವೆಂದೇ ಅರ್ಥ.