ಔಷಧಿಗೂ ಒಂದು ಪರೀಕ್ಷೆ

ಪರೀಕ್ಷೆ ಎಂದೊಡನೆ ನಿಮಗೆ ಭಯವಾಗುತ್ತದೆ. ಆದರೆ ಪರೀಕ್ಷೆಯಿಲ್ಲದೆ ಪಾಸಾದರೆ ಏನಾಗುತ್ತದೆ ಎಂಬುದನ್ನು ಬೊಜ್ಜು ಕರಗಿಸುವ ಔಷಧಿಗಳ ಇತಿಹಾಸ ನಮಗೆ ಕಲಿಸುತ್ತದೆ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಡೈನೈಟ್ರೋಫಿನಾಲ್ ಎಂಬ ರಾಸಾಯನಿಕವನ್ನು ಬಳಸುತ್ತಿದ್ದರು. ಅದರ ನಡುವೆ ದುಡಿದ ಕಾರ್ಮಿಕರು ಸೊರಗಿದರು. ಮೈ ಕಾದು, ಬೆವರಿ ಕೆಲವರು ಸತ್ತರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಟಿಂಗ್ ಮತ್ತು ಟೇಂಟರ್ ಎಂಬ ವಿಜ್ಞಾನಿಗಳು ಇದನ್ನೇ ಸ್ಥೂಲಕಾಯದವರಿಗೆ ಕೊಟ್ಟು ನೋಡಿದರು. ತೂಕ ನಿಜವಾಗಿಯೂ ಇಳಿಯಿತು. ಆಹಾರದ ಶಕ್ತಿಯನ್ನು ದೇಹ ಬಳಸಿಕೊಳ್ಳಲು ಬಿಡದೆ ಶಾಖವಾಗಿ ಕಳೆಯುವುದೇ ಇದರ ಗುಟ್ಟು. ಸುದ್ದಿ ಹಬ್ಬಿತು. ಸುಮಾರು 1 ಲಕ್ಷ ಜನ ಇದನ್ನು ಸೇವಿಸಿರಬಹುದೆಂದು ಮರುವರ್ಷವೇ ಅಂದಾಜಿಸಲಾಯಿತು. ಆಮೇಲೆ ಸತ್ಯ ಹೊರಬಂತು. ಹಲವರ ಕಣ್ಣಿಗೆ ಪೊರೆ ಬಂತು, ಕೆಲವರ ಪ್ರಾಣವೇ ಹೋಯಿತು. ಅಂದರೆ, ಆ ಜನರೇ ತಮಗೆ ಅರಿವಿಲ್ಲದೆ ಪ್ರಯೋಗದ ವಸ್ತುಗಳಾಗಿದ್ದರು!

1937ರಲ್ಲಿ ಅಲ್ಲಿಯೇ ಬೇರೊಂದು ಔಷಧಿ 100ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆಗ ಸರ್ಕಾರ ಎಚ್ಚೆತ್ತು, ಹೊಸ ಔಷಧಿ ಸುರಕ್ಷಿತವೆಂದು ಮಾರುವ ಮೊದಲೇ ತೋರಿಸಬೇಕೆಂದು 1938ರಲ್ಲಿ ಕಾನೂನು ಮಾಡಿತು.

ಇಂದು ಈ ಪರೀಕ್ಷೆ ಹೇಗೆ ನಡೆಯುತ್ತದೆ? ಎಲ್ಲ ವಿವರ ತಿಳಿದು ಒಪ್ಪಿದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಔಷಧಿ. ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಗುಳಿಗೆ ಅಥವಾ ಚುಚ್ಚುಮದ್ದು. ಯಾರಿಗೆ ಯಾವುದು ಸಿಕ್ಕಿದೆಯೆಂದು ವೈದ್ಯರಿಗೂ ತಿಳಿಯದು. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು.

2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಪರೀಕ್ಷೆಯಲ್ಲಿ 1,961 ವಯಸ್ಕರಿದ್ದರು. ಪಥ್ಯ, ವ್ಯಾಯಾಮದ ಸಲಹೆ ಎರಡೂ ಗುಂಪಿಗೆ ಸಿಕ್ಕಿತ್ತು. 68 ವಾರಗಳಲ್ಲಿ ಔಷಧಿ ಪಡೆದವರ ತೂಕ ಸರಾಸರಿ ಶೇ. 14.9ರಷ್ಟು, ಉಳಿದವರದು ಶೇ. 2.4ರಷ್ಟು ಇಳಿಯಿತು. ಎರಡನೆಯ ಗುಂಪು ಇಲ್ಲದಿದ್ದರೆ ಔಷಧಿಯ ಪಾಲೆಷ್ಟು, ಪಥ್ಯದ ಪಾಲೆಷ್ಟು ಎಂದು ಹೇಳುವುದು ಹೇಗೆ? ವಾಕರಿಕೆ, ಭೇದಿ ಔಷಧಿ ಪಡೆದವರಲ್ಲೇ ಹೆಚ್ಚು ಎಂಬುದೂ ಹೀಗೆಯೇ ತಿಳಿಯಿತು. ಔಷಧಿ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಒಂದು ವರ್ಷದಲ್ಲಿ ಮರಳಿತೆಂದು ಮುಂದಿನ ಅಧ್ಯಯನ ತೋರಿಸಿತು.

ಒಮ್ಮೆ ಪಾಸಾದರೆ ಸಾಲದು. ಸಿಬುಟ್ರಮಿನ್ ಎಂಬ ಗುಳಿಗೆಗೆ 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ಆಮೇಲೆ ಹೃದ್ರೋಗ ಅಥವಾ ಸಕ್ಕರೆ ಕಾಯಿಲೆಯಿದ್ದ ಸುಮಾರು 9,800 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದಾಗ, ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಈ ಗುಳಿಗೆ ನುಂಗಿದವರಲ್ಲಿ ಶೇ. 11.4, ಉಳಿದವರಲ್ಲಿ ಶೇ. 10 ಕಂಡುಬಂದವು. ವ್ಯತ್ಯಾಸ ಚಿಕ್ಕದು, ಆದರೆ ನೂರರಲ್ಲಿ ಒಬ್ಬರೆಂದರೂ ಅದು ಒಂದು ಮನೆಯ ದೀಪವಲ್ಲವೇ? 2010ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಂಡರು. 2011ರಲ್ಲಿ ಭಾರತವೂ ನಿಷೇಧಿಸಿತು.

ಆದ್ದರಿಂದ ಮಿತ್ರರೇ, ತಿಂಗಳಲ್ಲಿ ತೆಳ್ಳಗಾಗುವಿರೆಂದು ಯಾರಾದರೂ ಪುಡಿ, ಗುಳಿಗೆ ತಂದು ನಿಮ್ಮ ಮನೆಯವರಿಗೆ ಮಾರಲು ಬಂದರೆ ಮೂರು ಪ್ರಶ್ನೆ ಕೇಳಿ: ಎಷ್ಟು ಜನರ ಮೇಲೆ ಪರೀಕ್ಷಿಸಿದ್ದೀರಿ? ಎಷ್ಟು ಕಾಲ? ಯಾರೊಂದಿಗೆ ಹೋಲಿಸಿ? ಉತ್ತರ ಬಾರದಿದ್ದರೆ ಆ ಔಷಧಿ ಫೇಲಾಯಿತೆಂದೇ ತಿಳಿಯಿರಿ, ವೈದ್ಯರ ಬಳಿಗೆ ಹೋಗಿ. ಪ್ರಶ್ನೆ ಕೇಳುವುದನ್ನು ಕಲಿತವನೇ ವಿದ್ಯಾವಂತ.